ಸಹಾಯ ಬೇಕು: ತಂಪು ಸರಕಿನ ಟ್ರ್ಯಾಕಿಂಗ್‌ಗೆ ಆರ್‌ಎಫ್‌ಐಡಿ ಸಾಕಾ, ಲಾಗರ್ ಬೇಕಾ?

ಎಲ್ಲರಿಗೂ ನಮಸ್ಕಾರ. ತಂಪಾಗಿಟ್ಟ ಆಹಾರ ಸಾಗಿಸುವ ಸಣ್ಣ ಘಟಕವೊಂದರಲ್ಲಿ ಗುಣಮಟ್ಟದ ಉಸ್ತುವಾರಿ ನನ್ನದು. ಲಾರಿಗೆ ಜಿಪಿಎಸ್ ಇದೆ, ಗಾಡಿ ಎಲ್ಲಿದೆ ಅಂತ ಗೊತ್ತಾಗುತ್ತೆ. ಒಳಗಿನ ಸರಕು ಹೇಗಿದೆ ಅನ್ನೋದೇ ತಲೆನೋವು. ಡ್ರೈವರ್ ಮುಂದಿನ ಡಿಸ್‌ಪ್ಲೇ 4 ಡಿಗ್ರಿ ತೋರಿಸುತ್ತೆ, ಆದರೆ ಅದು ಕೂಲಿಂಗ್ ಯೂನಿಟ್‌ಗೆ ವಾಪಸ್ ಬರೋ ಗಾಳಿಯ ಲೆಕ್ಕ. ಪ್ರತಿ ಸ್ಟಾಪ್‌ನಲ್ಲೂ ಬಾಗಿಲು ತೆಗೆದಾಗ ಹಿಂದಿನ ಸಾಲಿನ ಪೆಟ್ಟಿಗೆಗಳು ಬಿಸಿಯಾಗೋದು ಅದರಲ್ಲಿ ಕಾಣೋದೇ ಇಲ್ಲ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಹಾಗಾಗಿ ಪೆಟ್ಟಿಗೆಗೊಂದು ಯುಎಚ್‌ಎಫ್ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೊ ತರಂಗದಿಂದ ದೂರದಿಂದಲೇ ಓದಬಹುದಾದ ಗುರುತು ಚೀಟಿ) ಹಾಕೋ ಯೋಚನೆ ಇದೆ. ನೀರಿನಂಶ ಇರೋ ಸರಕು ಸಿಗ್ನಲ್ ಹೀರಿಕೊಳ್ಳುತ್ತೆ, ಲೋಹದ ಗೋಡೆ ಅದನ್ನ ವಾಪಸ್ ಎಸೆಯುತ್ತೆ. ಇಂಥ ಕಡೆ ಬಳಸಿದವರು ಟ್ಯಾಗ್ ಎಲ್ಲಿ ಅಂಟಿಸಿದಿರಿ? ಅಥವಾ ಪೆಟ್ಟಿಗೆ ಪೇರಿಸೋ ಪ್ಯಾಲೆಟ್‌ಗೊಂದು ಬ್ಲೂಟೂತ್ ಟೆಂಪರೇಚರ್ ಲಾಗರ್ (ತಾಪಮಾನ ಅಳೆದು ದಾಖಲಿಸ್ತಾ ಹೋಗೋ ಸಾಧನ) ಇಟ್ಟು, ಪೆಟ್ಟಿಗೆಗೆ ಬರೀ ಕ್ಯೂಆರ್ ಕೋಡ್ ಅಂಟಿಸಿದರೆ ಸಾಕಾ? ನನ್ನ ಮನಸ್ಸು ಈ ಕಡೆಗೇ ವಾಲುತ್ತಿದೆ. ಲಾಗರ್‌ಗಳ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಅನ್ನೋ ಪರೀಕ್ಷೆ) ಎಷ್ಟು ದಿನಕ್ಕೊಮ್ಮೆ ಮಾಡಿಸ್ತೀರಿ ಅನ್ನೋದನ್ನೂ ತಿಳಿಸಿ.

ಇನ್ನೊಂದು ಗೊಂದಲ. ಗೋದಾಮಿನಲ್ಲಿ ಎರಡು ಮೂರು ಲಾಟ್ (ಒಂದೇ ನಂಬರ್‌ನಡಿ ಒಟ್ಟಿಗೆ ತಯಾರಾದ ಸರಕು) ಬೆರೆಸಿ ಮರುಪ್ಯಾಕ್ ಮಾಡ್ತಾರೆ. ಹೊಸ ಲಾಟ್ ನಂಬರ್ ಬಿದ್ದ ಕೂಡಲೇ ಹಳೆಯದರ ಕೊಂಡಿ ಕಳಚುತ್ತೆ. ನಾಳೆ ಒಂದು ಲಾಟ್ ಹಿಂಪಡೆಯಬೇಕಾದರೆ ಎಲ್ಲವನ್ನೂ ವಾಪಸ್ ತರಿಸೋದೇ ಗತಿ! ಹಳೇ ನಂಬರ್‌ಗಳನ್ನ ಹೊಸದಕ್ಕೆ ಜೋಡಿಸಿ ದಾಖಲಿಸೋಕೆ ಏನು ಬಳಸ್ತೀರಿ? ಬ್ಲಾಕ್‌ಚೈನ್ (ಒಮ್ಮೆ ನಮೂದಿಸಿದ್ದನ್ನ ಸುಲಭಕ್ಕೆ ಬದಲಿಸೋಕಾಗದ ಡಿಜಿಟಲ್ ದಾಖಲೆ) ಅಂತ ಮಾರಾಟದವರು ಬೆನ್ನು ಬಿದ್ದಿದ್ದಾರೆ. ನಮೂದೇ ತಪ್ಪಿದ್ದರೆ ಅದೇನು ಮಾಡುತ್ತೋ ನಾ ಕಾಣೆ. ಸ್ವತಃ ಕೆಲಸ ಮಾಡಿ ಅನುಭವ ಇರೋರು ದಯವಿಟ್ಟು ಬರೀರಿ.