ಕುಂಟುವ ಕುದುರೆಯಿಂದ ಓಡುವ ಮರಿ ಬರುತ್ತಾ?

ಪ್ರಶ್ನೆ (ಗದಗ ತಾಲೂಕಿನ ಒಂದು ಹಳ್ಳಿಯಿಂದ):
ನಮಸ್ಕಾರ್ರೀ ಡಾಕ್ಟರ್ ಸಾಹೇಬ್ರೆ. ನಮ್ಮಲ್ಲಿ ಏಳು ವರ್ಷದ ಹೆಣ್ಣು ಕುದುರೆ ಇದೆ. ಎರಡು ವರ್ಷ ಜಾತ್ರೆಯ ಗಾಡಿ ಓಟದಲ್ಲಿ ಚೆನ್ನಾಗಿ ಓಡಿತು. ಹೋದ ವರ್ಷದಿಂದ ಮುಂದಿನ ಎಡಗಾಲು ಕುಂಟುತ್ತಿದೆ. ಓಟಕ್ಕಂತೂ ಆಗಲ್ಲ, ಮರಿಯನ್ನಾದರೂ ತೆಗೆಯೋಣ ಅಂತ ಅಪ್ಪ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ರೇಸ್ ಬಿಡಿಸಿ ತಂದ, ಥರೋಬ್ರೆಡ್ ಅನ್ನೋ ರೇಸ್ ತಳಿಯ ಗಂಡು ಇದೆ. ಬೆಂಗಳೂರಲ್ಲಿ ಗೆದ್ದಿದೆಯಂತೆ. ಅದರ ಮರಿ ಗ್ಯಾರಂಟಿ ಓಡುತ್ತೆ ಅಂತಾರೆ. ದುಡ್ಡು ಹಾಕಬಹುದಾ?

ಉತ್ತರ (ಪಶುವೈದ್ಯ, ಧಾರವಾಡ):
ಗ್ಯಾರಂಟಿ ಅಂದವರಿಗೆ ಅದನ್ನೇ ಚೀಟಿಯಲ್ಲಿ ಬರೆದುಕೊಡಿ ಅನ್ನು ತಮ್ಮಾ. ಆಮೇಲೆ ಫೋನೇ ಎತ್ತುವುದಿಲ್ಲ.

ಗಂಡಿನದು ಅರ್ಧ, ಹೆಣ್ಣಿನದು ಅರ್ಧ. ಇದು ಎಲ್ಲರಿಗೂ ಗೊತ್ತು. ಆದರೆ ಯಾವ ಅರ್ಧ ಬರುತ್ತೆ ಅನ್ನೋದು ಯಾರ ಕೈಯಲ್ಲೂ ಇಲ್ಲ. ನಿಮ್ಮ ಹೊಲದಲ್ಲಿ ಹೈಬ್ರಿಡ್ ಗೋವಿನಜೋಳ ಹಾಕಿರುತ್ತೀರಿ, ಅಲ್ವಾ? ಅದೇ ತೆನೆಯ ಕಾಳು ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ತೆನೆ ಅರ್ಧ ಖಾಲಿ. ಗೆದ್ದ ಕುದುರೆಯೂ ಹಾಗೇ. ಅದರಲ್ಲಿ ನೂರಾರು ಜೀನ್‌ಗಳು ಹೇಗೋ ಒಂದಕ್ಕೊಂದು ಹೊಂದಿಕೊಂಡು ಬಂದಿರುತ್ತವೆ. ಮರಿಗೆ ಹೋಗುವಾಗ ಆ ಜೋಡಣೆ ಬಿಚ್ಚಿಹೋಗಿ ಅರ್ಧ ಮಾತ್ರ ಸಿಗುತ್ತದೆ.

2006ರಲ್ಲಿ ಅಮೆರಿಕದಲ್ಲಿ 'ದಿ ಗ್ರೀನ್ ಮಂಕಿ' ಅನ್ನೋ ಎರಡು ವರ್ಷದ ಗಂಡು ಮರಿಯನ್ನು 160 ಲಕ್ಷ ಡಾಲರ್‌ಗೆ ಕೊಂಡರು. ವಂಶ ಅಂದರೆ ವಂಶ, ದೊಡ್ಡ ದೊಡ್ಡ ಹೆಸರುಗಳು. ಓಡಿದ್ದು ಮೂರೇ ರೇಸ್. ಒಂದನ್ನೂ ಗೆಲ್ಲಲಿಲ್ಲ. ಓಟದಲ್ಲಿ ಕುದುರೆ ಕುದುರೆಗೆ ಇರುವ ವ್ಯತ್ಯಾಸಕ್ಕೆ ರಕ್ತ ಕಾರಣವಾಗುವುದು ಹೆಚ್ಚುಕಮ್ಮಿ ನೂರಕ್ಕೆ 10ರಿಂದ 35ರಷ್ಟು. ಏನನ್ನು ಅಳೆಯುತ್ತೇವೆ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತೆ. ಉಳಿದದ್ದು ಮೇವು, ಲಾಳ, ತಾಲೀಮು, ಓಡಿಸುವವನ ಕೈ.

ಈಗ ನಿನ್ನ ಹೆಣ್ಣು ಕುದುರೆಗೆ ಬರೋಣ. ನೀನು ಗಂಡಿನ ಬಗ್ಗೆ ಕೇಳಿದೆ. ನನಗೆ ಚಿಂತೆ ಹೆಣ್ಣಿನದು. 'ಓಡಲ್ಲ, ಹಾಗಾದರೆ ಮರಿ ಹಾಕಲಿ' ಅನ್ನೋ ಮಾತು ನಮ್ಮ ಕಡೆ ಬಹಳ. ನಾನು ಅತಿ ಹೆಚ್ಚು ಜಗಳ ಆಡಿದ್ದು ಇದೇ ಮಾತಿಗೆ. ಯಾಕೆ ಕುಂಟುತ್ತಿದೆ ಅಂತ ಮೊದಲು ನೋಡಬೇಕು. ಕಲ್ಲು ಚುಚ್ಚಿದ್ದು, ಲಾಳದ ಮೊಳೆ ತಪ್ಪಿದ್ದು, ಗಾಡಿಯ ಏಟು, ಇವು ಮರಿಗೆ ಹೋಗುವುದಿಲ್ಲ. ಆದರೆ ಗೊರಸು ಒಳಕ್ಕೆ ತಿರುಗಿದ್ದರೆ, ಮುಂಗಾಲಿನ ಮಂಡಿ ಹಿಂದಕ್ಕೆ ಬಾಗಿದ್ದರೆ, ಆ ಕಾಲಿನ ಕಟ್ಟೇ, ಅಂದರೆ ಕಾಲು ಕೂಡಿಬಂದ ರೀತಿಯೇ, ಕುಂಟುವುದಕ್ಕೆ ಕಾರಣ ಇರಬಹುದು. ಆ ಕಟ್ಟು ಮರಿಗೂ ಬರಬಹುದು. ಆಗ ನೀನು ದುಡ್ಡು ಕೊಟ್ಟು ಇನ್ನೊಂದು ಕುಂಟು ಕುದುರೆ ಮಾಡಿಕೊಂಡ ಹಾಗೆ.

ತಾಯಿ ಕೊಡುವುದು ಜೀನ್ ಮಾತ್ರ ಅಲ್ಲ. 1938ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ವಾಲ್ಟನ್, ಹ್ಯಾಮಂಡ್ ಅನ್ನೋ ಇಬ್ಬರು ಶೈರ್ ಅನ್ನೋ ಆನೆಯಂಥ ಕುದುರೆಯನ್ನೂ ಶೆಟ್‌ಲ್ಯಾಂಡ್ ಅನ್ನೋ ಪುಟ್ಟ ಕುದುರೆಯನ್ನೂ ಎರಡೂ ಕಡೆಯಿಂದ ಕೂಡಿಸಿ ನೋಡಿದರು. ಒಂದರಲ್ಲಿ ತಾಯಿ ದೊಡ್ಡದು, ಇನ್ನೊಂದರಲ್ಲಿ ತಾಯಿ ಸಣ್ಣದು. ಬೆರಕೆ ಒಂದೇ. ಆದರೂ ಹುಟ್ಟುವಾಗ ದೊಡ್ಡ ತಾಯಿಯ ಮರಿ ಸಣ್ಣ ತಾಯಿಯ ಮರಿಗಿಂತ ಸುಮಾರು ಮೂರು ಪಟ್ಟು ತೂಕ ಇತ್ತು! ಹನ್ನೊಂದು ತಿಂಗಳು ಗಬ್ಬದಲ್ಲಿ ಎಷ್ಟು ಜಾಗ, ಎಷ್ಟು ಆಹಾರ ಸಿಗುತ್ತೆ ಅನ್ನೋದು ಅಷ್ಟು ಮುಖ್ಯ. ನಿನ್ನದು ಸಣ್ಣ ದೇಶಿ ಕುದುರೆ ಆಗಿದ್ದರೆ, ಗಂಡು ಎಷ್ಟೇ ಎತ್ತರ ಇರಲಿ, ಮರಿ ಅಪ್ಪನಷ್ಟೇ ಆಗುತ್ತೆ ಅಂತ ಲೆಕ್ಕ ಹಾಕಬೇಡ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರಲ್ಲ. 1973ರಲ್ಲಿ ಅಮೆರಿಕದ ಮೂರು ದೊಡ್ಡ ರೇಸ್ ಗೆದ್ದ ಸೆಕ್ರೆಟೇರಿಯಟ್ ಅನ್ನೋ ಗಂಡು ಕುದುರೆ ನೋಡು. ಅದರ ಗಂಡುಮಕ್ಕಳಲ್ಲಿ ಯಾರೂ ಅಪ್ಪನಂತೆ ಆಗಲಿಲ್ಲ. ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದ ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ ಹೆಸರಾದ ಬೀಜದ ಕುದುರೆಗಳಾದವು. ಅಜ್ಜನ ಗುಣ ಮಗಳ ಮೂಲಕ ಮೊಮ್ಮಗನಿಗೆ ಹೋಯಿತು.

ಪ್ರಶ್ನೆ (ಹಾವೇರಿ):
ಸರ್, ಸ್ಪೀಡ್ ಜೀನ್ ಅಂತ ಒಂದಿದೆಯಂತೆ. ರಕ್ತ ಪರೀಕ್ಷೆ ಮಾಡಿದರೆ ಓಡುತ್ತೋ ಇಲ್ಲವೋ ಗೊತ್ತಾಗುತ್ತಂತೆ. ನಿಜಾನಾ?

ಉತ್ತರ:
ಅರ್ಧ ನಿಜ. 2010ರಲ್ಲಿ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಎಮ್ಮೆಲೀನ್ ಹಿಲ್ ಅವರ ತಂಡ ಥರೋಬ್ರೆಡ್‌ಗಳಲ್ಲಿ ಇದನ್ನು ತೋರಿಸಿತು. ಮಯೋಸ್ಟಾಟಿನ್ ಅನ್ನೋ ಜೀನ್ ಸ್ನಾಯು ಬೆಳೆಯುವುದಕ್ಕೆ ಬ್ರೇಕ್ ಇದ್ದ ಹಾಗೆ. ಅದರಲ್ಲಿ ಸಿ, ಟಿ ಅಂತ ಎರಡು ಬಗೆ. ಸಿ-ಸಿ ಇದ್ದ ಕುದುರೆ ಗಿಡ್ಡ ಓಟಕ್ಕೆ, ಟಿ-ಟಿ ಇದ್ದದ್ದು ಉದ್ದ ಓಟಕ್ಕೆ, ಸಿ-ಟಿ ನಡುವಿನದಕ್ಕೆ. ಸಿ-ಸಿ ಮತ್ತು ಟಿ-ಟಿ ಕೂಡಿಸಿದರೆ ಮರಿ ಎಲ್ಲ ಸಿ-ಟಿ. ಎರಡು ಸಿ-ಟಿ ಕೂಡಿಸಿದರೆ ಮೂರೂ ಬಗೆ ಬರಬಹುದು.

ಆದರೆ ಇದು ಹೇಳುವುದು ಯಾವ ದೂರಕ್ಕೆ ಸರಿ ಅಂತ. ಗೆಲ್ಲುತ್ತಾ ಅಂತ ಅಲ್ಲ. ಕೊನೆಗೆ ಬಂದ ಕುದುರೆಯಲ್ಲೂ ಸಿ-ಸಿ ಇರುತ್ತೆ.

ಪ್ರಶ್ನೆ (ಹಳೇ ಹುಬ್ಬಳ್ಳಿ):
ನನ್ನ ಗಂಡು ಕುದುರೆ ಬಹಳ ಚಲೋ ಇದೆ ಸಾಹೇಬ್ರೆ. ಅದರದೇ ಮಗಳು ಈಗ ನಾಲ್ಕು ವರ್ಷದ್ದು. ಎರಡನ್ನೂ ಕೂಡಿಸಿದರೆ ರಕ್ತ ಗಟ್ಟಿ ಆಗುತ್ತೆ ಅಂತಾರೆ. ರೇಸ್ ಕುದುರೆಗಳಲ್ಲೂ ಹೀಗೇ ಮಾಡ್ತಾರಲ್ರೀ?

ಉತ್ತರ:
ಬೇಡ. ದಯವಿಟ್ಟು ಬೇಡ.

ಅಪ್ಪ-ಮಗಳ ಮರಿಯಲ್ಲಿ ಪ್ರತಿ ನಾಲ್ಕು ಜೀನ್ ಜೋಡಿಗೆ ಒಂದು ಜೋಡಿ ಒಂದೇ ಮೂಲದ ಎರಡು ಪ್ರತಿ ಆಗಿಬಿಡುವ ಲೆಕ್ಕ ಇದೆ. ಒಳ್ಳೆಯದು ಗಟ್ಟಿಯಾಗುತ್ತೆ, ನಿಜ. ಅಡಗಿ ಕೂತಿದ್ದ ಕೆಟ್ಟದ್ದೂ ಅಷ್ಟೇ ಗಟ್ಟಿಯಾಗುತ್ತೆ. ಅರೇಬಿಯನ್ ತಳಿಯಲ್ಲಿ ಎಸ್‌ಸಿಐಡಿ ಅನ್ನೋ ಕಾಯಿಲೆ ಇದೆ. ಅಪ್ಪ ಅಮ್ಮ ಇಬ್ಬರೂ ನೋಡಲು ಆರೋಗ್ಯವಾಗಿಯೇ ಇರುತ್ತಾರೆ, ಒಳಗೆ ಒಂದೊಂದು ಕೆಟ್ಟ ಪ್ರತಿ. ಹಾಗಿದ್ದರೆ ನಾಲ್ಕರಲ್ಲಿ ಒಂದು ಮರಿ ರೋಗ ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟಬಹುದು. ಹುಟ್ಟಿದಾಗ ಚಂದ ಇರುತ್ತೆ. ಐದಾರು ತಿಂಗಳು ದಾಟುವುದು ಅಪರೂಪ.

ರೇಸ್ ಕುದುರೆಗಳ ಮಾತು ಬೇರೆ. 1791ರಿಂದ ಅವುಗಳ ವಂಶಾವಳಿ ಪುಸ್ತಕ ಇದೆ. ಹೊರಗಿನ ರಕ್ತಕ್ಕೆ ಬಾಗಿಲು ಮುಚ್ಚಿದ ಹಾಗೆಯೇ. ಇವತ್ತಿನ ಥರೋಬ್ರೆಡ್ ಗಂಡುಗಳಲ್ಲಿ ನೂರಕ್ಕೆ 95ರಷ್ಟು ಅಪ್ಪನ ಸಾಲಿನಲ್ಲಿ ಡಾರ್ಲಿ ಅರೇಬಿಯನ್ ಅನ್ನೋ ಒಂದೇ ಕುದುರೆಗೆ ಹೋಗಿ ಮುಟ್ಟುತ್ತವೆ. ಆದರೆ ಅವರು ವರ್ಷಕ್ಕೆ ಸಾವಿರಾರು ಮರಿ ತೆಗೆದು ಆಗದವನ್ನು ಬಿಡುತ್ತಾರೆ. ನಿಮ್ಮ ಲಾಯದಲ್ಲಿ ಇರುವುದು ಎರಡು ಕುದುರೆ.

ಪ್ರಶ್ನೆ (ಮೊದಲು ಕೇಳಿದವರು):
ಅಪ್ಪ ಇನ್ನೊಂದು ಕೇಳು ಅಂದರು. ಹಣೆಯ ಮೇಲೆ ಎರಡು ಸುಳಿ ಇದ್ದರೆ ಮರಿ ಹಾಕಿಸಬಾರದಂತೆ?

ಉತ್ತರ:
ಸುಳಿ ಕೂದಲಿನದು, ಕಾಲಿನದಲ್ಲ. ಅಪ್ಪನವರಿಗೆ ನನ್ನ ನಮಸ್ಕಾರ ಹೇಳು, ಅವರ ಜೊತೆ ವಾದ ಬೇಡ. ಸುಳಿ ನೋಡುತ್ತಾ ಹಣೆಯ ಹತ್ತಿರ ನಿಂತವರು ಗೊರಸಿನ ಕಡೆ ಬಗ್ಗಿ ನೋಡುವುದೇ ಇಲ್ಲ ಅನ್ನೋದೊಂದೇ ನನ್ನ ತಕರಾರು.

ಗಂಡಿನ ಹತ್ತಿರ ಒಯ್ಯುವ ಮೊದಲು ಎರಡಕ್ಕೂ ಗ್ಲಾಂಡರ್ಸ್ ರಕ್ತ ಪರೀಕ್ಷೆ ಆಗಿರಲಿ. ಅದು ಮನುಷ್ಯರಿಗೂ ಅಂಟುವ ಕಾಯಿಲೆ. ಕಾಲಿನ ಎಕ್ಸ್‌ರೇ ಎಲ್ಲಿ ಆಗುತ್ತೆ ಅಂತ ನಿಮ್ಮ ಗದಗಿನ ವೆಟರ್ನರಿ ಕಾಲೇಜಿನಲ್ಲೇ ಮೊದಲು ವಿಚಾರಿಸು. ಆಮೇಲೆ ನನಗೆ ಎರಡು ಫೋಟೋ ಕಳಿಸು, ಒಂದು ಎದುರಿನಿಂದ, ಒಂದು ಪಕ್ಕದಿಂದ. ಸಮ ನೆಲದ ಮೇಲೆ, ನಾಲ್ಕೂ ಗೊರಸು ಕಾಣುವ ಹಾಗೆ. ಜಾತ್ರೆಯ ದಿನ ಹಾರ, ಗೊಂಡೆ ಕಟ್ಟಿ ತೆಗೆದ ಫೋಟೋ ಬೇಡ. ಅದರಲ್ಲಿ ಕಾಲು ಕಾಣಲ್ಲ.