ಮಲಗಿದರೂ ಸುಡುವ ಸ್ನಾಯು

"ಇನ್ಮೇಲೆ ನಾನು ಸುಮ್ನೆ ಮಲಗಿದ್ರೂ ಕ್ಯಾಲೊರಿ ಸುಡುತ್ತೆ" ಎಂದು ಸೀನ ತೋಳು ಮಡಚಿ ತೋರಿಸಿದ.

"ಮಲಗೋದು ನಿನಗೆ ಮೊದಲಿಂದಲೂ ಬರುತ್ತೆ. ಸುಟ್ಟಿದ್ದು ಮಾತ್ರ ಕಾಣಲಿಲ್ಲ" ಅಂದರು ಶಾಮಣ್ಣ.

"ಆಗ ಮಸಲ್ ಇರಲಿಲ್ಲ. ಒಂದು ಪೌಂಡ್ ಮಸಲ್ ದಿನಕ್ಕೆ 50 ಕ್ಯಾಲೊರಿ ಸುಡುತ್ತಂತೆ. ಜಿಮ್ ಕೋಚ್ ಹೇಳಿದ್ದು."

"ಪೂರ್ತಿ ಒಂದು ಕೆಜಿಗೇ 13 ಕಣೋ, ಸುಮ್ನೆ ಕೂತಾಗ. ಕೊಬ್ಬಿಗೆ ನಾಲ್ಕೂವರೆ."

"ನೋಡಿದ್ರಾ, ಹತ್ತಿರ ಹತ್ತಿರ ಮೂರು ಪಟ್ಟು!" ನಾಣಿ ಮೇಜು ಕುಟ್ಟಿದ.

"ಯಾವುದರ ಮೂರು ಪಟ್ಟು ಅಂತಲೂ ನೋಡಬೇಕಲ್ವಾ? ಇವನು ವರ್ಷವಿಡೀ ಕಬ್ಬಿಣ ಎತ್ತಿ, 2 ಕೆಜಿ ಕೊಬ್ಬು ಇಳಿಸಿ, 2 ಕೆಜಿ ಸ್ನಾಯು ಏರಿಸಿದ ಅಂತಿಟ್ಟುಕೋ. ದಿನಕ್ಕೆ ಜಾಸ್ತಿ ಸುಡೋದು 17 ಕ್ಯಾಲೊರಿ. ಒಂದು ಚಮಚ ಸಕ್ಕರೆ ಲೆಕ್ಕ. ಈ ಕಾಫಿಗೆ ಎಷ್ಟು ಹಾಕಿಸ್ಕೊಂಡೆ?"

"ಎರಡು ಚಮಚ."

"ಹಾಗಾದ್ರೆ ಮುಂದಿನ ವರ್ಷ ಎತ್ತೋದನ್ನೂ ಈಗಲೇ ಕುಡಿದುಬಿಟ್ಟೆ."

ನಾಣಿ ತಕ್ಷಣ ಪಕ್ಷ ಬದಲಿಸಿದ. "ಮತ್ತೆ ಸುಡೋದು ಯಾವುದು ಶಾಮಣ್ಣ?"

"ಲಿವರ್‌ಗೆ ಕೆಜಿಗೆ ಸುಮಾರು 200, ಮಿದುಳಿಗೆ 240. ಹೃದಯ, ಕಿಡ್ನಿ 400 ದಾಟುತ್ತವೆ."

"ಮಿದುಳಿಗೆ ಅಷ್ಟೊಂದಾ? ಹಾಗಾದ್ರೆ ಯೋಚನೆ ಮಾಡಿಯೇ ತೆಳ್ಳಗಾಗಬಹುದು!"

"ಆಗಲ್ಲ. ಯೋಚನೆ ಮಾಡಿದರೂ ಬಿಟ್ಟರೂ ಅದರ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಕೆಲಸ ನೋಡಿ ಸಂಬಳ ಕೊಡೋ ಪದ್ಧತಿ ಅಲ್ಲಿಲ್ಲ. ಇದ್ದಿದ್ದರೆ ನಿನ್ನದು ಎಂದೋ ರಾಜೀನಾಮೆ ಕೊಡುತ್ತಿತ್ತು."

ಸೀನನ ಮುಖ ಸಪ್ಪಗಾಗಿತ್ತು. "ಹಾಗಾದ್ರೆ ಜಿಮ್ ಬಿಟ್ಟುಬಿಡ್ಲಾ? ವರ್ಷದ ದುಡ್ಡು ಕಟ್ಟಿದ್ದೀನಿ."

"ಬಿಡಬೇಡ್ವೋ. ಸುಮ್ನೆ ಬಿದ್ದಿರೋ ಸ್ನಾಯು ಜುಗ್ಗ. ದುಡಿಸಿದರೆ ಧಾರಾಳವಾಗಿ ಸುಡುತ್ತೆ. ಓಡು, ಮೆಟ್ಟಿಲು ಹತ್ತು." ಶಾಮಣ್ಣ ಲೋಟದ ತಳ ನೋಡಿದರು. "ನಮ್ಮಪ್ಪ ಎಪ್ಪತ್ತು ದಾಟಿದ ಮೇಲೂ ಮದುವೆಮನೆ ಪಂಕ್ತೀಲಿ ನೆಲದ ಮೇಲೆ ಕೂತು, ಕೈ ಊರದೆ ಏಳುತ್ತಿದ್ದರು. ನಾನೀಗ ಛತ್ರಕ್ಕೆ ಕಾಲಿಟ್ಟ ಕೂಡಲೇ ಟೇಬಲ್ ಊಟ ಎಲ್ಲಿ ಅಂತ ಕೇಳುತ್ತೀನಿ. ವಯಸ್ಸಾದ ಹಾಗೆ ಕೊಬ್ಬು ಎಲ್ಲೂ ಹೋಗಲ್ಲ. ಸ್ನಾಯು ಮಾತ್ರ ಹೇಳದೆ ಕೇಳದೆ ಹೊರಟುಬಿಡುತ್ತೆ."

ಯಾರೂ ಮಾತಾಡಲಿಲ್ಲ. ನಾಣಿ ಕೂಡ.

"ನಮ್ಮ ಜಿಮ್‌ಗೇ ಬನ್ನಿ ಶಾಮಣ್ಣ" ಎಂದ ಸೀನ. "ಒಬ್ಬರನ್ನ ಸೇರಿಸಿದ್ರೆ ನನಗೂ ಒಂದು ತಿಂಗಳು ಫ್ರೀ."

"ಬರ್ತೀನಿ. ಯಾವ ಮಹಡಿ?"

"ಮೂರನೇದು. ಹೆದರಬೇಡಿ, ಲಿಫ್ಟ್ ಇದೆ. ನಾವೆಲ್ಲ ಅದರಲ್ಲೇ ಹೋಗೋದು."