ಸಹಾಯ ಬೇಕು: ಹಂದಿ ನೆಣ, ಜೇನುಮೇಣದ ಗ್ರೀಸ್ ಯಾಕೆ ನಿಲ್ಲುತ್ತಿಲ್ಲ?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಹತ್ತಿರದವನು, ಮನೆಯಲ್ಲೇ ಸಣ್ಣಪುಟ್ಟ ಮರಗೆಲಸ ಮಾಡುತ್ತೇನೆ. ಗರಗಸಕ್ಕೆ, ಹತ್ತರಿಯ ತಳಕ್ಕೆ, ಗಟ್ಟಿ ಮರಕ್ಕೆ ಹಾಕುವ ಸ್ಕ್ರೂಗೆ ಹಚ್ಚಲು ಒಂದು ಗ್ರೀಸ್ ಬೇಕಿತ್ತು. ಹಬ್ಬಕ್ಕೆ ತಂದ ಹಂದಿಯ ನೆಣ ಸುಮ್ನೆ ಹಾಳಾಗುವುದು ಬೇಡ ಅಂತ ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, 250 ಗ್ರಾಂ ಕೊಬ್ಬಿಗೆ 50 ಗ್ರಾಂ ಜೇನುಮೇಣ ಸೇರಿಸಿದೆ. ಮೇಣ ಕರಗಲು 62-64 ಡಿಗ್ರಿ ಬೇಕಲ್ವಾ, ಅದಕ್ಕೇ ಬಿಸಿನೀರಿನ ಪಾತ್ರೆಯೊಳಗೆ ಡಬ್ಬ ಇಟ್ಟು ಕರಗಿಸಿದ್ದು, ನೇರ ಬೆಂಕಿಗೆ ಇಟ್ಟಿಲ್ಲ.

ಜನವರಿ ಚಳಿಯಲ್ಲಿ ಬೆಣ್ಣೆಯ ಹಾಗೆ ಚೆನ್ನಾಗಿತ್ತು, ಗರಗಸ ಸರಾಗವಾಗಿ ಓಡಿತು. ಈಗ ಬಿಸಿಲು ಜಾಸ್ತಿಯಾದ ಮೇಲೆ ಮೇಲೆಲ್ಲ ಎಣ್ಣೆ ಬಿಟ್ಟುಕೊಂಡಿದೆ, ಕಮಟು ವಾಸನೆ ಬೇರೆ. ಹೆಂಡತಿ ಡಬ್ಬವನ್ನು ಸೌದೆ ಕೊಟ್ಟಿಗೆಗೆ ಗಡೀಪಾರು ಮಾಡಿದ್ದಾಳೆ. ಅಲ್ಲಿ ಇರುವೆ ಕಾಟ!

ಕೊಬ್ಬಿನಲ್ಲಿ ನೀರು ಉಳಿದಿದ್ದರಿಂದ ಹೀಗಾಯಿತು ಅಂತ ನನ್ನ ಅನುಮಾನ. ಮತ್ತೆ ನೀರಲ್ಲಿ ಕುದಿಸಿ, ತಣಿದ ಮೇಲೆ ಗಟ್ಟಿಯಾದ ಪದರ ಮಾತ್ರ ತೆಗೆದರೆ ಸರಿಹೋಗುತ್ತಾ, ಅಥವಾ ಕಮಟು ಹತ್ತಿದ್ದನ್ನು ಎಸೆಯುವುದೇ ಒಳ್ಳೆಯದಾ? ಮೇಣವನ್ನು ಎಷ್ಟಕ್ಕೆ ಏರಿಸಲಿ, ಎರಡು ಪಾಲು ಕೊಬ್ಬಿಗೆ ಒಂದು ಪಾಲು? ಕುರಿ ಕೊಬ್ಬು ಇದಕ್ಕಿಂತ ಗಟ್ಟಿ, ಅದನ್ನು ಬಳಸಿದವರಿದ್ದಾರಾ? ಇದು ಹತ್ತಿದ ಮರಕ್ಕೆ ಆಮೇಲೆ ಪಾಲಿಶ್ ಹಿಡಿಯುತ್ತಾ ಅಂತಲೂ ಹೇಳಿ.

ಅಂಗಡಿ ಗ್ರೀಸ್ ತಗೋ ಅನ್ನಬೇಡಿ, ಅದು ಮರಕ್ಕೆ ಕಪ್ಪು ಕಲೆ ಮಾಡಿತು.